ಖರ್ಚು ಏರಿದುದೇಕೆ?



ಹಬ್ಬದ ದಿನ ಖರ್ಚುವೆಚ್ಚದ ಮಾತು ಎತ್ತುವುದು ಸೊಗಸಲ್ಲವೆಂದು ನಾವು ಬಲ್ಲೆವು. ಆದರೆ ಈ ವರ್ಷ ನಮ್ಮ ಸಂಘದ ಒಂದು ಚಿಕ್ಕ ಲೆಕ್ಕವು ಕನ್ನಡದ ಮೇಲೆಯೇ ಅಪವಾದ ತರುವಂತಾಯಿತು. ಆದುದರಿಂದ ಅದನ್ನು ನಿಮ್ಮ ಮುಂದೆ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಚೆನ್ನೈಯಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಲಿಯಲು ಮನೆಯೇ ಶಾಲೆ. ಮನೆಪಾಠದಲ್ಲಿ ಸಂದೇಹ ಬಂದರೆ ಕೇಳಲೆಂದು, ಕೃತಕ ಬುದ್ಧಿಮತ್ತೆಯ ಸೇವೆಯೊಂದನ್ನು ಹಣ ಕೊಟ್ಟು ಪಡೆದು, ಪ್ರಶ್ನೋತ್ತರದ ಏರ್ಪಾಡನ್ನು ನಾವು ಕೆಲವರು ಕೂಡಿ ಮಾಡಿದೆವು. ಪಾಠಗಳ ಸಾರ, ವ್ಯಾಕರಣದ ನಿಯಮ, ಉತ್ತರ ಹೇಳಬೇಕಾದ ರೀತಿ ಇವೆಲ್ಲವನ್ನೂ ಕನ್ನಡದಲ್ಲಿಯೇ ಬರೆದು ಪೀಠಿಕೆಯಾಗಿ ಇಟ್ಟೆವು. ಮೊದಮೊದಲು ಖರ್ಚು ಹಗುರವಾಗಿಯೇ ಇತ್ತು. ಆದರೆ ಒಂದು ತಿಂಗಳು, ಪ್ರಶ್ನೆಗಳು ಹೆಚ್ಚದಿದ್ದರೂ ಬಿಲ್ಲು ಹಲವು ಪಟ್ಟು ಏರಿ ಬಂತು.

ಸಮಿತಿಯಲ್ಲಿ ಚರ್ಚೆ ನಡೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದರು ಖಜಾಂಚಿಗಳು. "ಕನ್ನಡ ದುಬಾರಿ, ಪೀಠಿಕೆಯನ್ನು ಇಂಗ್ಲಿಷಿಗೆ ತಿರುಗಿಸಿ, ಇಲ್ಲವೇ ನಿಲ್ಲಿಸಿಬಿಡಿ" ಎಂದರು ಇನ್ನು ಕೆಲವರು. ಈ ಮಾತಿನಲ್ಲಿ ಅರ್ಧ ಸತ್ಯವಿತ್ತು. ಇಂಥ ಸೇವೆಗಳು ಟೋಕನ್ ಲೆಕ್ಕದಲ್ಲಿ ಹಣ ಪಡೆಯುತ್ತವೆ. ಇದು ಬ್ಯಾಂಕಿನವರಾದ ನಮಗೆ ನೆನಪಾಗುವ ಹಿತ್ತಾಳೆಯ ಬಿಲ್ಲೆಯಲ್ಲ, ಬರೆಹದ ಒಂದು ತುಣುಕು. ಯಂತ್ರದ ತುಣುಕುಪಟ್ಟಿಯಲ್ಲಿ ಇಂಗ್ಲಿಷಿನದೇ ಮೇಲುಗೈಯಾದುದರಿಂದ ಕನ್ನಡದ ಪದ ಹೆಚ್ಚು ತುಣುಕಾಗುವುದು ನಿಜ. ಆದರೆ ಮೊದಲ ತಿಂಗಳಿನಲ್ಲಿಯೂ ಕನ್ನಡ ಕನ್ನಡವೇ ಆಗಿತ್ತಲ್ಲ! ಇದ್ದಕ್ಕಿದ್ದಂತೆ ಏರಿದ ಖರ್ಚಿಗೆ ಮೊದಲಿನಿಂದಲೂ ಇದ್ದ ಕಾರಣ ಹೊಣೆಯಾದೀತು ಹೇಗೆ? ಖಿರ್ದಿ ತೆರೆದು ನೋಡದೆ ತೀರ್ಪು ಬೇಡವೆಂದು ಒಂದು ವಾರದ ಅವಕಾಶ ಕೇಳಿದೆವು.

ಯಂತ್ರಕ್ಕೆ ಹಿಂದಿನ ಪ್ರಶ್ನೆಯ ನೆನಪಿರುವುದಿಲ್ಲ. ಪ್ರತಿ ಪ್ರಶ್ನೆಯೊಡನೆಯೂ ಇಡೀ ಪೀಠಿಕೆ ಮತ್ತೆ ಹೋಗಬೇಕು. ಮತ್ತೆ ಮತ್ತೆ ಓದುವ ಶ್ರಮ ತಪ್ಪಲೆಂದು, ಒಮ್ಮೆ ಓದಿದುದನ್ನು ಸ್ವಲ್ಪ ಹೊತ್ತು ಸಿದ್ಧವಾಗಿ ಇಟ್ಟುಕೊಳ್ಳುವ ಏರ್ಪಾಡಿದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ನಗದಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಇದು ನಗದನ್ನು ಉಳಿಸುತ್ತದೆ.

ಉದಾಹರಣೆಗೆ, ಕ್ಲಾಡ್ ಎಂಬ ಸೇವೆಯಲ್ಲಿ 2024ರ ಆಗಸ್ಟಿನಲ್ಲಿ ಬಂದ ಈ ಸೌಲಭ್ಯದ ದರವನ್ನು ನೋಡಿ. ಕ್ಯಾಶಿನಲ್ಲಿ ಇಡುವಾಗ ಸಾಮಾನ್ಯ ದರಕ್ಕಿಂತ ನೂರಕ್ಕೆ 25 ಹೆಚ್ಚು. ಇಟ್ಟುದನ್ನು ಓದುವಾಗ ಸಾಮಾನ್ಯ ದರದ ನೂರಕ್ಕೆ 10 ಮಾತ್ರ. 5 ನಿಮಿಷ ಯಾರೂ ಕೇಳದಿದ್ದರೆ ಇಟ್ಟುದು ಅಳಿಯುತ್ತದೆ. ಪೀಠಿಕೆ 10,000 ಟೋಕನ್, ಒಂದರ ಹಿಂದೊಂದು 20 ಪ್ರಶ್ನೆ ಎಂದಿಟ್ಟುಕೊಳ್ಳೋಣ. ಕ್ಯಾಶ್ ಇಲ್ಲದಿದ್ದರೆ ಪೀಠಿಕೆಗೆ 2,00,000 ಟೋಕನ್ನಿನ ಬೆಲೆ. ಕ್ಯಾಶ್ ಸರಿಯಾಗಿ ನಡೆದರೆ ಮೊದಲ ಸಲ 12,500, ಉಳಿದ 19 ಸಲ 1,000ದಂತೆ 19,000, ಒಟ್ಟು 31,500. ಪ್ರತಿ ಸಲವೂ ಹೊಸದಾಗಿ ಇಡುವಂತಾದರೆ 2,50,000! ಕೆಟ್ಟ ಕ್ಯಾಶ್ ಇಲ್ಲದ ಕ್ಯಾಶಿಗಿಂತಲೂ ದುಬಾರಿ.

ನಮಗೆ ಬಂದ ಬಿಲ್ಲಿನಲ್ಲಿ ನಾವು ನೋಡಿದ್ದು ಮೊತ್ತವನ್ನು ಮಾತ್ರ. ಆದರೆ ಪ್ರತಿ ಉತ್ತರದೊಡನೆಯೂ ಮೂರು ಅಂಕಿಗಳು ಬರುತ್ತಿದ್ದವು: ಕ್ಯಾಶಿನಲ್ಲಿ ಇಟ್ಟುದೆಷ್ಟು, ಕ್ಯಾಶಿನಿಂದ ಓದಿದುದೆಷ್ಟು, ಅದರ ಹೊರಗೆ ಹೋದುದೆಷ್ಟು. ಅವನ್ನು ದಿನವಾರು ಮೂರು ಕಲಮುಗಳಲ್ಲಿ ಬರೆದೆವು. ಒಂದು ದಿನದವರೆಗೆ ಓದಿದ ಕಲಮು ತುಂಬಿತ್ತು. ಮರುದಿನದಿಂದ ಅಲ್ಲಿ ಸೊನ್ನೆ. ಇಟ್ಟ ಕಲಮು ಮಾತ್ರ ಉಬ್ಬಿತ್ತು.

ಆ ದಿನ ಆದುದೇನು? "ಇಂದು ಯಾವ ವಾರ?" ಎಂದು ಮಕ್ಕಳು ಕೇಳಿದರೆ ಉತ್ತರ ಸಿಗಲೆಂದು, ನಮ್ಮಲ್ಲಿಯೇ ಒಬ್ಬರು ಪೀಠಿಕೆಯ ಮೊದಲ ಸಾಲಿನಲ್ಲಿ ದಿನಾಂಕವೂ ಗಂಟೆ, ನಿಮಿಷ, ಸೆಕೆಂಡುಗಳೂ ತಾವಾಗಿ ಬೀಳುವಂತೆ ಮಾಡಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಕ್ಯಾಶ್ ಮೊದಲ ಅಕ್ಷರದಿಂದ ತಾಳೆ ನೋಡುತ್ತ ಬರುತ್ತದೆ. ವ್ಯತ್ಯಾಸ ಸಿಕ್ಕಿದಲ್ಲಿಂದ ಮುಂದಿನದೆಲ್ಲವೂ ಹೊಸದೇ. ಆರಂಭದ ಶಿಲ್ಕು ಬದಲಾದರೆ ಕೆಳಗಿನ ಶಿಲ್ಕುಗಳೆಲ್ಲ ಬದಲಾಗುವುದಿಲ್ಲವೇ, ಹಾಗೆ. ಆ ಒಂದು ಸಾಲನ್ನು ಕೊನೆಗೆ, ಪ್ರಶ್ನೆಯ ಪಕ್ಕಕ್ಕೆ ಸರಿಸಿದೆವು. ಮರುದಿನವೇ ಓದಿದ ಕಲಮು ತುಂಬಿತು. ಬಿಡಿಬಿಡಿಯಾಗಿ ಬರುವ ಪ್ರಶ್ನೆಗಳಿಂದಲೂ ಕ್ಯಾಶ್ ಅಳಿಯುತ್ತದೆಂದು ತಿಳಿದು, ಸಂಜೆ ಒಂದು ಗಂಟೆಯನ್ನು ಮಕ್ಕಳಿಗೆಂದೇ ಗೊತ್ತುಮಾಡಿದೆವು.

ಬಂಧುಗಳೇ, ಪೀಠಿಕೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದರೆ ಬಿಲ್ಲು ಸ್ವಲ್ಪ ಇಳಿಯುತ್ತಿತ್ತು. ದೋಷ ಹಾಗೆಯೇ ಉಳಿಯುತ್ತಿತ್ತು, ಕನ್ನಡ ಹೋಗುತ್ತಿತ್ತು. ಇದೇ ಊರಿನ ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ನಡುವೆ, ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಅದು ಖರ್ಚಿಲ್ಲದೆ ಆದ ಕೆಲಸವಲ್ಲ. ಕನ್ನಡದ ಕೆಲಸಕ್ಕೆ ಖರ್ಚು ಉಂಟು. ಆ ಖರ್ಚಿಗೆ ಲೆಕ್ಕವೂ ಇರಬೇಕು. ಇನ್ನು ಮುಂದೆ ಆ ಮೂರು ಕಲಮುಗಳನ್ನು ಪ್ರತಿ ತಿಂಗಳೂ ಸಮಿತಿಯ ಮುಂದೆ ಇಡುವೆವೆಂದು ಅರಿಕೆ ಮಾಡಿ ವಿರಮಿಸುತ್ತೇವೆ.

ಸಿರಿಗನ್ನಡಂ ಗೆಲ್ಗೆ.