ಚಿತ್ರಕಾರನ ಸಾವಿಗೆ ಇಬ್ಬರು ಆರೋಪಿಗಳು



1610ರ ಜುಲೈ ತಿಂಗಳು. ಇಟಲಿಯ ಚಿತ್ರಕಾರ ಕರವಾಜ್ಜೊ ನೇಪಲ್ಸಿನಲ್ಲಿ ದೋಣಿ ಹತ್ತಿ ರೋಮಿನ ಕಡೆ ಹೊರಟ. ನಾಲ್ಕು ವರ್ಷ ಹಿಂದೆ ರೋಮಿನಲ್ಲೇ ರನೂಚೊ ತೊಮಸ್ಸೋನಿ ಎಂಬವನನ್ನು ಜಗಳದಲ್ಲಿ ಕೊಂದು, ತಲೆತಪ್ಪಿಸಿಕೊಂಡು ಮಾಲ್ಟಾ, ಸಿಸಿಲಿ ಎಂದು ಅಲೆದವನು. ಈಗ ಪೋಪ್ ಕ್ಷಮಿಸಬಹುದೆಂಬ ಆಸೆ ಹುಟ್ಟಿತ್ತು. ಕೆಲವು ಚಿತ್ರಗಳೂ ಜೊತೆಗಿದ್ದವು. ನಡುವೆ ಪಾಲೊ ಎಂಬಲ್ಲಿ ಇಳಿದಾಗ ಕಾವಲಿನವರು ಹಿಡಿದು ಕೂಡಿಹಾಕಿದರು. ದೋಣಿ ಚಿತ್ರಗಳ ಸಮೇತ ಹೊರಟೇ ಹೋಯಿತು. ಮುಂದೆ ಕೆಲವೇ ದಿನಗಳಲ್ಲಿ ಪೋರ್ತೊ ಎರ್ಕೊಲೆ ಬಂದರಿನಲ್ಲಿ ಆತ ತೀರಿಕೊಂಡ. ವಯಸ್ಸು 38.

ಹೇಗೆ ಸತ್ತ? ಆ ಕಾಲದವರು ಜ್ವರ ಎಂದರು. ಹಗೆಯವರೇ ಮುಗಿಸಿರಬೇಕು ಎಂಬ ವಾದವೂ ಇದೆ. ಹಿಂದಿನ ವರ್ಷವಷ್ಟೇ ನೇಪಲ್ಸಿನ ಹೆಂಡದಂಗಡಿಯೊಂದರ ಬಳಿ ಅವನ ಮೇಲೆ ಬಿದ್ದು ಮುಖಕ್ಕೆ ಗಾಯ ಮಾಡಿದ್ದರು. ಅವನದೆನ್ನಲಾದ ಮೂಳೆಗಳನ್ನು ಪರೀಕ್ಷಿಸಿದ ನಮ್ಮ ಕಾಲದವರು ಒಮ್ಮೆ ಸೀಸದ ವಿಷ ಎಂದರು, 2018ರಲ್ಲಿ ಗಾಯದ ನಂಜು ಎಂದರು. ಮೂಳೆ ಅವನದೇ ಎಂಬುದೇ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಅವನಿಗೊಬ್ಬ ಕವಿ ಗೆಳೆಯನಿದ್ದ, ಜಂಬತ್ತಿಸ್ತ ಮರೀನೊ. ಈತನೂ ಸಾಧುವೇನಲ್ಲ, ಜೈಲು ಕಂಡವನೇ. 1619ರಲ್ಲಿ ಬಂದ ಅವನ 'ಲಾ ಗಲೆರಿಯಾ' ಸಂಕಲನದಲ್ಲಿ ಗೆಳೆಯನ ಸಾವಿನ ಮೇಲೆ ಒಂದು ಪುಟ್ಟ ಪದ್ಯವಿದೆ. ಅದರಲ್ಲಿ ಜ್ವರವಿಲ್ಲ, ಕತ್ತಿಯಿಲ್ಲ, ಬಂದರೂ ಇಲ್ಲ. ಮರೀನೊ ಇಬ್ಬರ ಮೇಲೆ ದೂರು ಕೊಡುತ್ತಾನೆ: ಪ್ರಕೃತಿ ಮತ್ತು ಮೃತ್ಯು. ಇವನ ಕೈ ತನ್ನನ್ನು ಸೋಲಿಸೀತೆಂದು ಪ್ರಕೃತಿಗೆ ಅಂಜಿಕೆ. ತಾನು ಅಳಿಸಿದವರನ್ನೆಲ್ಲ ಇವನ ಕುಂಚ ಎಬ್ಬಿಸಿ ನಿಲ್ಲಿಸುತ್ತದೆಂದು ಮೃತ್ಯುವಿಗೆ ಕಡುಕೋಪ. ಇಬ್ಬರೂ ಕೂಡಿ ಸಂಚು ಹೂಡಿದರಂತೆ. ನಮ್ಮ ಆಲಂಕಾರಿಕರು ಕೇಳಿದ್ದರೆ ಹೇತೂತ್ಪ್ರೇಕ್ಷೆ, ಅಂದರೆ ಇಲ್ಲದ ಕಾರಣವನ್ನು ಕಲ್ಪಿಸಿ ಹೇಳುವ ಅಲಂಕಾರ, ಎಂದು ತಲೆದೂಗುತ್ತಿದ್ದರು.

ಇದರಲ್ಲಿ ಅರ್ಧ ಹಳೆಯ ಸರಕು. 1520ರಲ್ಲಿ ತೀರಿಕೊಂಡ ರಾಫೆಲ್‌ನ ಸಮಾಧಿಯ ಮೇಲೂ ಪ್ರಕೃತಿ ಅಂಜಿದ ಮಾತಿದೆ. ಆದರೂ ಅದು ಕರವಾಜ್ಜೊಗೇ ಹೆಚ್ಚು ಒಪ್ಪುತ್ತದೆ ಎನ್ನುತ್ತೇನೆ. ಈತ ಸುತ್ತಮುತ್ತಲ ಸಾಮಾನ್ಯರನ್ನು ಎದುರಿಗೆ ನಿಲ್ಲಿಸಿಕೊಂಡು ಸಂತರನ್ನು ಬರೆದವನು. ರೋಮಿನ ಸಾಂತ್ ಅಗೊಸ್ತೀನೊ ಚರ್ಚಿನ ಚಿತ್ರದಲ್ಲಿ ಮೇರಿಯ ಮುಂದೆ ಮಂಡಿಯೂರಿದ ಯಾತ್ರಿಕನ ಕೊಳಕು ಅಂಗಾಲು ನೋಡುವವರ ಕಡೆಗೇ ತಿರುಗಿದೆ. ಮೇರಿಯ ಮರಣವನ್ನು ಚಿತ್ರಿಸುವಾಗ ಮೈ ಊದಿಕೊಂಡ ಹೆಣವನ್ನೇ ಬರೆದ. ಆ ಚಿತ್ರ ತಮಗೆ ಬೇಡವೆಂದರು ಪಾದ್ರಿಗಳು. ಪ್ರಕೃತಿಗೂ ಮೃತ್ಯುವಿಗೂ ಇಷ್ಟು ಹತ್ತಿರ ಹೋದವನ ಮೇಲೆ ಅವರಿಬ್ಬರ ಕಣ್ಣು ಬಿತ್ತು ಎಂದರೆ ಅದು ಬರೀ ಹೊಗಳಿಕೆಯಲ್ಲ, ಒಳ್ಳೆಯ ವಿಮರ್ಶೆ.

ನನ್ನ ತಕರಾರು ಒಂದೇ. ರನೂಚೊ ಸಾಯಲು ಪ್ರಕೃತಿ ಸಂಚು ಮಾಡಬೇಕಾಗಲಿಲ್ಲ, ಈ ಚಿತ್ರಕಾರನ ಕತ್ತಿಯೇ ಸಾಕಾಯಿತು. ಪದ್ಯ ಆ ಮಾತೆತ್ತುವುದಿಲ್ಲ. ಗೆಳೆಯನಿಗೆ ವಿದಾಯ ಹೇಳುವಾಗ ಎತ್ತಲೇಬೇಕೆಂದೂ ಇಲ್ಲ, ನಿಜ. ಆದರೆ ಕರವಾಜ್ಜೊ ಸ್ವತಃ ಅಷ್ಟು ಸಲೀಸಾಗಿ ತನ್ನನ್ನು ಕ್ಷಮಿಸಿಕೊಂಡಂತೆ ಕಾಣುವುದಿಲ್ಲ. ಬೈಬಲಿನ ಕತೆಯ ಚಿತ್ರವೊಂದರಲ್ಲಿ ದಾವೀದನ ಕೈಯಲ್ಲಿ ತೂಗುವ ಗೋಲಿಯಾತನ ಕಡಿದ ರುಂಡಕ್ಕೆ ಅವನು ಕೊಟ್ಟದ್ದು ತನ್ನದೇ ಮುಖ. ಆ ಚಿತ್ರ ರೋಮಿನ ಬೊರ್ಗೇಸೆ ಗ್ಯಾಲರಿಯಲ್ಲಿದೆ. ಮರೀನೊನ ಪದ್ಯವನ್ನು ಓದುವವರು ಅದನ್ನೂ ಒಮ್ಮೆ ನೋಡಿ.