ಅವ್ವನ ಕೋಣೆಯ ಧಗೆ ಮತ್ತು ಕರೆಂಟಿನ ಲೆಕ್ಕ



ನಮ್ಮ ಶಾಲೆಗೆ ಐವತ್ತು ತುಂಬಿದ ಈ ದಿನ ಇಲ್ಲಿ ನಿಂತು ಮಾತನಾಡುವುದು ನನ್ನ ಭಾಗ್ಯ. ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗುರುಗಳ ಅಪ್ಪಣೆಯಾಗಿದೆ. ರಾಯಚೂರು ಜಿಲ್ಲೆಯವನು ನಾನು, ಬಿಸಿಲಿನ ವಿಷಯ ಬಿಟ್ಟು ಬೇರೇನು ಹೇಳಲಿ?

ಹೋದ ವರ್ಷದ ಬೇಸಿಗೆಯಲ್ಲಿ ಊರಿನ ಮನೆಗೆ ಎ.ಸಿ. ಹಾಕಿಸಿದೆ. ಸಂಜೆ ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಟಿ.ವಿ. ಒಟ್ಟಿಗೆ ಶುರುವಾಗಿ ಕರೆಂಟಿಗೆ ಬೇಡಿಕೆ ಏರುತ್ತದೆ. ಆ ಹೊತ್ತಿಗೆ ಸೂರ್ಯ ಮುಳುಗಿ, ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸುಮ್ಮನಾಗಿರುತ್ತದೆ. ಆಗ ನಮ್ಮ ಶಕ್ತಿನಗರದ ಕಲ್ಲಿದ್ದಲು, ಶರಾವತಿಯ ನೀರು ಇಂಥವುಗಳ ಮೇಲೆಯೇ ಭಾರ. ಅದಕ್ಕೇ ನಾನೊಂದು ಪ್ರೋಗ್ರಾಂ ಬರೆದೆ: ಸಂಜೆ 6ರಿಂದ 10ರವರೆಗೆ ಎ.ಸಿ. ತಾನಾಗಿಯೇ 30 ಡಿಗ್ರಿಗೆ ಹೋಗಬೇಕು. ಬೆಂಗಳೂರಿನಲ್ಲಿ ಕುಳಿತು, ಉಳಿದ ಯೂನಿಟ್ಟುಗಳನ್ನು ಫೋನಿನಲ್ಲಿ ನೋಡಿ ಹಿಗ್ಗಿದೆ.

ನಾಲ್ಕನೆಯ ದಿನ ಪಕ್ಕದ ಮನೆಯ ಕಾಕಾ ಫೋನ್ ಮಾಡಿದರು. "ನಿಮ್ಮವ್ವಗ ತಲಿ ತಿರಗಾಕತ್ತೈತಿ, ಲಗೂನ ಬಾ ತಮ್ಮಾ." ಬಂದು ಕೇಳಿದರೆ ಅವ್ವ, "ಮಗ ಮಾಡಿಟ್ಟಾನ, ಬರೋಬ್ಬರಿ ಇರಬೇಕಂತ ಸುಮ್ಮನಿದ್ದೆ" ಅಂದಳು.

ತಪ್ಪು ನನ್ನದೇ. ನಾನು ನೋಡಿದ್ದು ಗಾಳಿಯ ಉಷ್ಣಾಂಶವೊಂದನ್ನೇ. ಮೈಗೆ ಹಿತವೆನಿಸಲು ಗಾಳಿಯ ಓಟ, ತೇವಾಂಶ, ಗೋಡೆ ಚಾವಣಿಗಳ ಬಿಸಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರ್.ಸಿ.ಸಿ. ಚಾವಣಿ ಹಗಲೆಲ್ಲಾ ಹೀರಿದ ಬಿಸಿಯನ್ನು ಸಂಜೆ ಕೋಣೆಯೊಳಗೆ ಬಿಡುತ್ತದೆ. ನಾನು ಎ.ಸಿ.ಯ ಕೈ ಕಟ್ಟಿದ್ದು ಅದೇ ಹೊತ್ತಿಗೆ. ವಯಸ್ಸಾದವರಿಗೆ ಬೆವರೂ ಕಡಿಮೆ, ಬಾಯಾರಿಕೆಯೂ ಕಡಿಮೆ; ಧಗೆ ತಟ್ಟಿದ್ದು ಬೇಗ ತಿಳಿಯುವುದಿಲ್ಲ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯಲ್ಲಿ ದಪ್ಪ ಗೋಡೆ, ದಪ್ಪ ಮಾಳಿಗೆಯೇ ಬಿಸಿಲನ್ನು ತಡೆಯುತ್ತಿದ್ದವು.

ಈ ವರ್ಷ ಕ್ರಮ ಬದಲಿಸಿದೆ. ಮೊದಲು ಚಾವಣಿಯ ಮೇಲೆ ಬಿಳಿ ಸುಣ್ಣ ಬಳಿಸಿದೆ. ಸೋಲಾರ್ ಕರೆಂಟು ಇನ್ನೂ ಇರುವ ಮಧ್ಯಾಹ್ನ 3ರಿಂದ 5ರವರೆಗೆ ಕಿಟಕಿ ಮುಚ್ಚಿ 25 ಡಿಗ್ರಿಗೆ ತಂಪು ಮಾಡಿದರೆ ಗೋಡೆಯೂ ತಣಿಯುತ್ತದೆ. ಸಂಜೆ 27 ಡಿಗ್ರಿ, ಜೊತೆಗೆ ಫ್ಯಾನು. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ 30 ವಾಟ್ ಸಾಕು. ಇದೆಲ್ಲಕ್ಕಿಂತ ಮುಖ್ಯವಾಗಿ, ರಿಮೋಟು ಅವ್ವನ ಕೈಯಲ್ಲಿದೆ. ಅವಳು ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಂ ಸುಮ್ಮನಾಗಬೇಕು. ಈ ಬೇಸಿಗೆಯಲ್ಲಿ ಅವಳು ಮೂರ್ನಾಲ್ಕು ಸಲ ಒತ್ತಿದ್ದಾಳೆ, ಅಷ್ಟೇ.

ಹಗಲಿನ ಕರೆಂಟಿಗೆ ಕಡಿಮೆ, ಸಂಜೆಯ ಕರೆಂಟಿಗೆ ಹೆಚ್ಚು ದರ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2023ರಲ್ಲೇ ತಂದಿದೆ. ಸ್ಮಾರ್ಟ್ ಮೀಟರ್ ಬಂದಂತೆ ಇಂಥ ಪ್ರೋಗ್ರಾಂಗಳು ಮನೆಮನೆಗೂ ಬರಬಹುದು. ಮಕ್ಕಳೇ, ನಾಳೆ ಅವುಗಳನ್ನು ಬರೆಯುವವರು ನೀವು. ಕರೆಂಟು ಬಳಸುವ ಹೊತ್ತನ್ನು ಹಿಂದೆ ಮುಂದೆ ಮಾಡಿ. ಆದರೆ ಕೋಣೆಯಲ್ಲಿ ಕೂತವರನ್ನು ಕೇಳದೆ ಏನನ್ನೂ ಮಾಡಬೇಡಿ.

ಎ.ಸಿ. ಇಲ್ಲದ ಕಡೆಯೂ ಸುಣ್ಣ ಕೆಲಸ ಮಾಡುತ್ತದೆ. ಬರುವ ಮಾರ್ಚ್ ಒಳಗೆ ಈ ಶಾಲೆಯ ಚಾವಣಿಗೆ ಸುಣ್ಣ ಬಳಿಸುವ ಹೊಣೆ ನಮ್ಮ ಬ್ಯಾಚಿನದು. ಬಳಿಯುವ ಮೊದಲು ಮತ್ತು ಆಮೇಲೆ ಕೋಣೆಯ ಉಷ್ಣಾಂಶ ಅಳೆದು ಬರೆದಿಡುವ ಕೆಲಸ ಒಂಬತ್ತನೇ ತರಗತಿಯದು.