ಹೆತ್ತವರ ಮನೆ, ಮಗನ ಹೆಸರು



ಊರಿನಲ್ಲಿರುವ ತಂದೆತಾಯಿಯರ ಆಸ್ತಿಯನ್ನು ಹೊರನಾಡಿನ ಮಕ್ಕಳು ಕ್ರಯಕ್ಕೆ ಪಡೆದು, ಅವರನ್ನೇ ಅಲ್ಲಿ ಬಾಡಿಗೆಗೆ ಇರಿಸುವ ವಿಚಾರ ಇಂದಿನದು. ಹೆತ್ತವರಿಂದ ಬಾಡಿಗೆ ಎಂಬ ಮಾತೇ ಕಿವಿಗೆ ಒರಟು. ಆದರೆ ಮನೆಯಿದೆ, ಹೊಲವಿದೆ, ಕೈಯಲ್ಲಿ ರೊಕ್ಕವಿಲ್ಲ ಎಂಬುದು ನಮ್ಮ ಹಳ್ಳಿಗಳ ಅನೇಕ ವೃದ್ಧರ ಸ್ಥಿತಿ. ಸಂಬಳದ ನೌಕರಿಯಲ್ಲಿರುವ ನಮ್ಮ ಕಡೆಗೆ ಅವರ ದೃಷ್ಟಿ ಹರಿಯುವುದು ಸಹಜ.

ನಮ್ಮ ತಂದೆಯವರು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾರೆ. 2021ರಲ್ಲಿ ಅವ್ವನ ಚಿಕಿತ್ಸೆಗೆಂದು ಮನೆ ಮಾರುವ ಮಾತು ತೆಗೆದರು. ಹಣ ಕಳುಹಿಸುತ್ತೇನೆಂದರೆ ಒಪ್ಪಲಿಲ್ಲ. "ಕಳಿಸಿದ ರೊಕ್ಕಕ್ಕ ಲೆಕ್ಕ ಕೇಳೋರು ಇರ್ತಾರಪಾ, ಮಾರಿದ ರೊಕ್ಕ ನಂದು" ಎಂದರು. ಕೊನೆಗೆ ನಾನೇ ಕೊಳ್ಳುವುದೆಂದು ನಿಶ್ಚಯವಾಯಿತು. ಬಾಡಿಗೆಯ ಪ್ರಸ್ತಾಪವನ್ನೂ ಅವರೇ ತಂದರು. ತಿಂಗಳಿಗೆ 1,500 ರೂಪಾಯಿ ಎಂದು ತಾವೇ ಗೊತ್ತುಮಾಡಿದರು. ಇದರ ಮರ್ಮ ಮರುವರ್ಷದ ಮಳೆಗಾಲದಲ್ಲಿ ತಿಳಿಯಿತು. ಅಡುಗೆಮನೆ ಸೋರತೊಡಗಿದಾಗ ಅವರ ಫೋನು ಬಂತು: "ಮಾಲಕರ, ಹಂಚು ಹೊದಸ್ರಿ." ಮಗನ ಧರ್ಮದ ಮನೆಯಲ್ಲಿದ್ದಿದ್ದರೆ ಅವರು ಪಾತ್ರೆಯೊಡ್ಡಿ ಸುಮ್ಮನಿರುತ್ತಿದ್ದರು. ಬಾಡಿಗೆ ಸಣ್ಣದಾದರೂ ಕೇಳುವ ಅಧಿಕಾರವನ್ನು ಅದು ಅವರ ಕೈಯಲ್ಲಿ ಉಳಿಸಿತ್ತು. ಸೊಸೆಯ ಮುಖ ನೋಡಿ ಬದುಕುವ ಪ್ರಸಂಗವೂ ತಪ್ಪಿತು. ಈ ಮಾತು ನನ್ನ ಶ್ರೀಮತಿಯದೇ.

ಹೊಲದ ವಿಷಯ ಬೇರೆ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರಂಥ ಕೆಲವರ ಹೊರತು, ನಿಷೇಧಿಸಿತು. ಕೃಷಿಕರಲ್ಲದವರು ಭೂಮಿ ಕೊಳ್ಳುವುದಕ್ಕಿದ್ದ 79ಎ, 79ಬಿ ಕಲಮುಗಳ ಅಡ್ಡಿಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಗೇಣಿಯ ನಿಷೇಧವನ್ನು ಅದು ಮುಟ್ಟಲಿಲ್ಲ. ಕೊಳ್ಳುವ ಬಾಗಿಲು ತೆರೆಯಿತೆಂದು ತಂದೆಗೇ ಲಾವಣಿ ಪತ್ರ ಬರೆದುಕೊಡಲು ಹೊರಡುವುದು ಸಲ್ಲದು. ಉಳುವವನಿಗೇ ಭೂಮಿ ಎಂದು ಹೋರಾಡಿದ ನಾಡಿನಲ್ಲಿ, ಉಳುತ್ತಿದ್ದ ತಂದೆಯನ್ನು ಮಗನ ಗೇಣಿದಾರನನ್ನಾಗಿ ಮಾಡುವುದು ನನಗಂತೂ ವಿಪರೀತವೆನಿಸುತ್ತದೆ. ನಮ್ಮ ಹೊಲ ತಂದೆಯವರ ಹೆಸರಿನಲ್ಲೇ ಇದೆ.

ಒಡಹುಟ್ಟಿದವರ ವಿಷಯದಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೇವಲ್ಲ ಎಂಬ ಹಳೆಯ ಸಮಾಧಾನ ಇನ್ನು ನಡೆಯದು. ನನ್ನ ಇಬ್ಬರು ತಂಗಿಯರನ್ನೂ ಕರೆಸಿ, ಪೇಟೆಯ ಬೆಲೆಯನ್ನು ಅವರೆದುರಿಗೇ ಗೊತ್ತುಮಾಡಿ, ಅವರ ಸಹಿಯನ್ನೂ ಕ್ರಯಪತ್ರದಲ್ಲಿ ಹಾಕಿಸಿದೆವು. ಹಿರಿಯ ತಂಗಿ ಬೆಲೆ ಕಡಿಮೆಯಾಯಿತೆಂದು ವಾದಿಸಿದಳು. ಅವಳ ಮಾತಿನಲ್ಲಿ ಹುರುಳಿತ್ತು; ಬೆಲೆ ಏರಿಸಲಾಯಿತು.

ದಾನಪತ್ರದಲ್ಲಿ ಪಾಲನೆಯ ಷರತ್ತಿದ್ದು ಮಕ್ಕಳು ಅದನ್ನು ಮೀರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಹೆತ್ತವರ ನೆರವಿಗೆ ಬರುತ್ತದೆ. ಪೂರ್ತಿ ಬೆಲೆ ಪಡೆದು ಮಾರಿದವರಿಗೆ ಆ ಆಸರೆ ಅಷ್ಟು ಸುಲಭವಲ್ಲ. ಆದಕಾರಣ ತಂದೆತಾಯಿ ಇಬ್ಬರಿಗೂ ಜೀವಿತಾವಧಿ ಆ ಮನೆಯಲ್ಲಿ ವಾಸಿಸುವ ಹಕ್ಕಿದೆಯೆಂದು ಕ್ರಯಪತ್ರದಲ್ಲೇ ಬರೆಸಬೇಕು. ನಾನು ನಾಳೆ ಸತ್ತರೂ, ಸಾಲದಲ್ಲಿ ಮುಳುಗಿದರೂ ಅವರು ಬೀದಿಗೆ ಬೀಳಬಾರದು. ಇನ್ನು ನನ್ನಂಥ ಕೇಂದ್ರ ಸರ್ಕಾರದ ನೌಕರರು 1964ರ ನಡತೆ ನಿಯಮಗಳ 18ನೆಯ ನಿಯಮದಂತೆ ಇಂಥ ಖರೀದಿಯನ್ನು ಮೊದಲೇ ಇಲಾಖೆಗೆ ತಿಳಿಸಬೇಕು. ಬಾಡಿಗೆಯನ್ನು ತೆರಿಗೆಯ ಲೆಕ್ಕದಲ್ಲೂ ತೋರಿಸಬೇಕು.

ಬಾಡಿಗೆಗೆ ನಾನು ಪ್ರತಿ ತಿಂಗಳೂ ರಸೀದಿ ಕಳುಹಿಸುತ್ತೇನೆ. ತಂದೆಯವರು ಅವನ್ನು ಸೊಸೈಟಿ ಸಾಲದ ಕಾಗದಗಳೊಂದಿಗೆ ಟ್ರಂಕಿನಲ್ಲಿಟ್ಟಿದ್ದಾರೆ. ಕಳೆದ ಸಲ ಒಂದು ರಸೀದಿ ತಡವಾದಾಗ ಕೇಳಿಯೇ ತರಿಸಿಕೊಂಡರು.